ಪದಬಂಧದ ಖಾಲಿ ಮನೆಗಳು

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ನನ್ನನ್ನು ಮಾತಾಡಲು ಕರೆದವರು "ಜೀವನದಲ್ಲಿ ನೀವು ಸಾಧಿಸಿದ್ದನ್ನು ಮಕ್ಕಳಿಗೆ ಹೇಳಿರಿ" ಎಂದರು. ನಾನು ಸರಕಾರಿ ಕಚೇರಿಯಲ್ಲಿ ಗುಮಾಸ್ತನಾಗಿ ಸೇರಿ, ಸೂಪರಿಂಟೆಂಡೆಂಟ್ ಆಗಿ ನಿವೃತ್ತನಾದವನು. ಅದರಲ್ಲಿ ಹೇಳುವಂಥ ಸಾಧನೆ ಏನೂ ಇಲ್ಲ. ಆದರೆ ಒಂದು ಕೆಲಸವನ್ನು ಮೂವತ್ತು ವರ್ಷಕ್ಕೂ ಮೇಲ್ಪಟ್ಟು ದಿನ ತಪ್ಪದೆ ಮಾಡಿದ್ದೇನೆ. ಪತ್ರಿಕೆಯ ಪದಬಂಧ ಬಿಡಿಸಿದ್ದೇನೆ. ಅನೇಕ ಸಲ ಸೋತಿದ್ದೇನೆ. ಆ ಗೆಲುವು ಸೋಲುಗಳ ಕಥೆಯನ್ನೇ ಹೇಳುತ್ತೇನೆ. ಈ ಚಟ ಹತ್ತಿದ್ದು ಇದೇ ಶಾಲೆಯಲ್ಲಿ. ಆದ್ದರಿಂದ ಲೆಕ್ಕ ಒಪ್ಪಿಸುವುದೂ ಇಲ್ಲೇ ಸರಿ.

ನಾವು ಕಲಿಯುವಾಗ ಊರಿಗೆ ಪತ್ರಿಕೆ ಬರುತ್ತಿದ್ದುದು ಬಸ್ಸಿನ ಮೇಲೆ. ಬಸ್ಸು ಕೆಟ್ಟರೆ ಸುದ್ದಿಯೂ ನಿಂತಿತು. ಶಾಲೆಗೆ ಒಂದೇ ಪತ್ರಿಕೆ. ಗುರುಗಳು ಓದಿ ಮುಗಿಸಿದ ಮೇಲೆ, ಅದು ಮರುದಿನ ನಮ್ಮ ಕೈಗೆ. ನಮ್ಮ ಕನ್ನಡ ಗುರುಗಳು ಶನಿವಾರದ ಕೊನೆಯ ಪೀರಿಯಡ್ಡಿನಲ್ಲಿ ಕರಿಹಲಗೆಯ ಮೇಲೆ ಚೌಕಳಿ ಎಳೆದು, ಕೆಲವು ಮನೆಗಳಿಗೆ ಸುಣ್ಣ ಬಳಿದಂತೆ ಚಾಕ್ ತಿಕ್ಕಿ ಮುಚ್ಚುತ್ತಿದ್ದರು. ಪತ್ರಿಕೆಯಲ್ಲಿ ಕರಿ ಮನೆ ಮುಚ್ಚಿದ್ದು, ನಮ್ಮಲ್ಲಿ ಬಿಳಿ ಮನೆ ಮುಚ್ಚಿದ್ದು, ಅಷ್ಟೇ ಫರಕು.

ಮೊದಲ ದಿನ ಅವರು ಕೊಟ್ಟ ಸುಳಿವು ನನಗೆ ಇನ್ನೂ ನೆನಪಿದೆ. "ಎಡದಿಂದ ಬಲಕ್ಕೆ: ತಾವರೆ, ಮೂರು ಅಕ್ಷರ." ನಾವೆಲ್ಲ ಕೂಗಾಡಿದೆವು. ಒಬ್ಬ ಕಮಲ ಎಂದ. ಒಬ್ಬ ಪಂಕಜ ಎಂದ. ಹುಡುಗಿಯರ ಕಡೆಯಿಂದ ಸರೋಜ, ನಳಿನ ಬಂದವು. ಕ್ಲಾಸಿನಲ್ಲಿ ಇಬ್ಬರು ಸರೋಜಾ ಇದ್ದರು, ಅದಕ್ಕೆ ನಗು ಬೇರೆ. ರಾಜೀವ ಎಂದೂ ಒಬ್ಬರು ಹೇಳಿದರು. ಎಲ್ಲವೂ ಮೂರಕ್ಷರ, ಎಲ್ಲವೂ ತಾವರೆಯೇ. ಗುರುಗಳು ನಕ್ಕು ಕೇಳಿದರು: "ಐದು ಮಂದಿ ಹೇಳಿದ್ದೂ ಖರೇನ ಐತಿ. ಮನಿ ಮಾತ್ರ ಒಂದ ಐತಿ. ಈಗ ಯಾರನ್ನ ಕೂಡಸೂಣು?"

ನಾವು ಸುಮ್ಮನಾದೆವು. ಆಗ ಅವರು ಕೊನೆಯ ಮನೆಯಿಂದ ಕೆಳಕ್ಕೆ ಗೆರೆ ಎಳೆದು, "ಮೇಲಿನಿಂದ ಕೆಳಕ್ಕೆ: ಕುದುರೆಯನ್ನು ಹಿಡಿತದಲ್ಲಿ ಇಡುವುದು, ಮೂರು ಅಕ್ಷರ" ಎಂದರು. ಲಗಾಮು! ಹಿಂದಿನ ಬೆಂಚಿನವರೂ ಕೂಗಿದರು. ಲಗಾಮಿನ 'ಲ' ಬಂದು ಕುಳಿತ ಕೂಡಲೇ ಪಂಕಜ, ಸರೋಜ, ನಳಿನ, ರಾಜೀವ ಎಲ್ಲರೂ ಎದ್ದು ಹೋದರು. ಕಮಲ ಒಂದೇ ಉಳಿಯಿತು. ಗುರುಗಳು ಹೇಳಿದ ಮಾತು: "ನಿನಗ ಗೊತ್ತಿದ್ದದ್ದು ಖರೇ ಇರಬಹುದು. ಆದ್ರೂ ಅಡ್ಡ ಬಂದವನನ್ನ ಒಮ್ಮೆ ಕೇಳಬೇಕು."

ಈ ಮಾತು ಪೂರ್ತಿ ತಿಳಿಯಲು ನನಗೆ ಇಪ್ಪತ್ತು ವರ್ಷ ಹಿಡಿಯಿತು.

ಮನೆಯಲ್ಲಿ ಮಾತ್ರ ಪದಬಂಧದ ಸುದ್ದಿ ತೆಗೆಯುವಂತಿರಲಿಲ್ಲ. ಒಂದು ಸಲ ಪತ್ರಿಕೆಯ ತುಂಡು ಹಿಡಿದು ಕಟ್ಟೆಯ ಮೇಲೆ ಕುಳಿತಿದ್ದೆ. ಅಪ್ಪ ಹೊಲದಿಂದ ಬಂದವನು ಅದನ್ನು ನೋಡಿ ಕಸಿದುಕೊಂಡು ಒಲೆಗೆ ಹಾಕಿದ. "ಈ ಚೌಕಳಿ ನಮ್ಮ ಮನಿ ಒಮ್ಮೆ ಸುಟ್ಟೈತಿ. ಇನ್ನೊಮ್ಮೆ ಸುಡೂದು ಬ್ಯಾಡ" ಎಂದ. ಓದದ ಅಪ್ಪನಿಗೆ ಚೌಕಳಿಯ ಮೇಲೆ ಯಾಕೆ ಸಿಟ್ಟು ಎಂದು ನನಗೆ ತಿಳಿಯಲಿಲ್ಲ. ಆಯಿ ರಾತ್ರಿ ಹೇಳಿದಳು.

ಅಪ್ಪನ ಅಣ್ಣ, ನಮ್ಮ ದೊಡ್ಡಪ್ಪ, ಮಿರಜದಲ್ಲಿ ಒಂದು ಅಡತಿ ಅಂಗಡಿಯ ಕಾರಕೂನ. ಮನೆತನದಲ್ಲಿ ಇಂಗ್ಲಿಷ್ ಓದಿದ ಮೊದಲನೆಯವ. ಆಗ ನಮ್ಮ ಜಿಲ್ಲೆ ಮುಂಬಯಿ ರಾಜ್ಯದಲ್ಲಿತ್ತು. ಆ ಕಾಲದಲ್ಲಿ ಪದಬಂಧಕ್ಕೆ ಬಹುಮಾನ ಇಟ್ಟು, ಪ್ರತಿ ಉತ್ತರಪತ್ರಕ್ಕೆ ಶುಲ್ಕ ತೆಗೆದುಕೊಳ್ಳುವ ಸ್ಪರ್ಧೆಗಳು ದೇಶದ ತುಂಬ ನಡೆಯುತ್ತಿದ್ದವು. ಸುಳಿವು ಎಂಥದೆಂದರೆ ಎರಡು ಶಬ್ದ ಸಮನಾಗಿ ಹೊಂದುತ್ತಿದ್ದವು, ಅಡ್ಡ ಬರುವ ಅಕ್ಷರವೂ ತೀರ್ಮಾನ ಹೇಳುತ್ತಿರಲಿಲ್ಲ. ಸರಿಯಾದದ್ದು ಯಾವುದು? ಸಂಪಾದಕರು ಮೊದಲೇ ಮುದ್ರೆ ಹಾಕಿ ಇಟ್ಟ ಲಕೋಟೆಯಲ್ಲಿ ಇದ್ದದ್ದು. ಅಂದರೆ ಬುದ್ಧಿಯ ಆಟದ ವೇಷದಲ್ಲಿ ಓಸಿ ಆಟ. ದೊಡ್ಡಪ್ಪ ಒಂದೇ ಚೌಕಳಿಗೆ ಬೇರೆ ಬೇರೆ ಉತ್ತರ ಬರೆದು ಹತ್ತು, ಇಪ್ಪತ್ತು ಪ್ರತಿ ಕಳಿಸುತ್ತಿದ್ದನಂತೆ. ಒಂದು ಸಲ ಸಣ್ಣ ಬಹುಮಾನ ಬಂತು. ಅದೇ ಹಾಳು ಮಾಡಿತು. ಕೊನೆಗೆ ಸಾಲ ತೀರಿಸಲು ಮನೆತನದ ನಾಲ್ಕು ಎಕರೆ ಎರಿ ಹೊಲ ಹೋಯಿತು. ಆ ಹೊಲದ ಬದುವಿನ ಬೇವಿನ ಗಿಡ ಈಗಲೂ ಇದೆ. ಅದರ ಕೆಳಗಿಂದ ಹಾದುಹೋಗುವಾಗ ಅಪ್ಪ ಎಂದೂ ತಲೆ ಎತ್ತಿ ನೋಡುತ್ತಿರಲಿಲ್ಲ.

ಇದು ನಮ್ಮ ಮನೆಯೊಂದರ ಕಥೆ ಆಗಿರಲಿಲ್ಲ ಎಂದು ನನಗೆ ತಿಳಿದದ್ದು ನೌಕರಿಗೆ ಸೇರಿದ ಮೇಲೆ, ಕಾನೂನಿನ ಪುಸ್ತಕ ತಿರುವುವಾಗ. 1955ರಲ್ಲಿ ಸಂಸತ್ತು ಬಹುಮಾನ ಸ್ಪರ್ಧೆಗಳ ಕಾಯ್ದೆಯನ್ನೇ ಮಾಡಿತು. ಅದರ ವ್ಯಾಖ್ಯೆಯಲ್ಲಿ ಪದಬಂಧದ ಹೆಸರು ಎತ್ತಿ ಹೇಳಿದ್ದಾರೆ. ತಿಂಗಳಿಗೆ ಒಟ್ಟು ಬಹುಮಾನ 1,000 ರೂಪಾಯಿ ಮೀರಬಾರದು, ಒಂದು ಸ್ಪರ್ಧೆಗೆ ಬರುವ ಉತ್ತರಪತ್ರ 2,000 ಮೀರಬಾರದು ಎಂದು ಮಿತಿ ಹಾಕಿದರು. ಬೆಂಗಳೂರಿನಿಂದ ಹೊರಡುತ್ತಿದ್ದ ಒಂದು ವಾರಪತ್ರಿಕೆಯ ಪದಬಂಧ ಸ್ಪರ್ಧೆಯ ಮೇಲೆ ಮುಂಬಯಿ ಸರಕಾರ ಹಾಕಿದ ತೆರಿಗೆಯ ಜಗಳ ಸುಪ್ರೀಂ ಕೋರ್ಟಿನ ತನಕ ಹೋಯಿತು. ಜೂಜು ವ್ಯಾಪಾರ ಎನಿಸಿಕೊಳ್ಳುವುದಿಲ್ಲ ಎಂದು 1957ರಲ್ಲಿ ತೀರ್ಪು ಬಂತು. ನಮ್ಮ ದೊಡ್ಡಪ್ಪ ಹಣ ಕಟ್ಟಿದ್ದು ಬೇರೊಂದಕ್ಕೆ. ಕಾಯ್ದೆ ಬರುವ ಹೊತ್ತಿಗೆ ಹೊಲ ಹೋಗಿತ್ತು.

ಮಕ್ಕಳೇ, ಇದನ್ನು ಯಾಕೆ ಹೇಳಿದೆನೆಂದರೆ, ಈಗ ನಿಮ್ಮ ಕೈಯಲ್ಲಿ ಮೊಬೈಲ್ ಇದೆ. ಆಟದ ವೇಷದಲ್ಲಿ ಅಂಥ ಲಕೋಟೆಗಳು ಅದರಲ್ಲಿ ಬಹಳ ಇವೆ. ಎಲ್ಲಿ ಉತ್ತರ ಲಕೋಟೆಯೊಳಗೆ ಇರುತ್ತದೋ, ಅಲ್ಲಿ ನಿಮ್ಮ ಬುದ್ಧಿಗೆ ಕೆಲಸವಿಲ್ಲ. ದಿನಪತ್ರಿಕೆಯ ಪದಬಂಧದಲ್ಲಿ ಉತ್ತರ ನಿಮ್ಮ ಕಣ್ಣ ಮುಂದಿನ ಚೌಕಳಿಯಲ್ಲೇ ಇರುತ್ತದೆ. ಗೆದ್ದರೆ ಯಾರೂ ದುಡ್ಡು ಕೊಡುವುದಿಲ್ಲ. ಅದೇ ಅದರ ಪುಣ್ಯ.

ಈ ಆಟದ ಹುಟ್ಟು ಅಮೇರಿಕದ್ದು. ಆರ್ಥರ್ ವಿನ್ ಎಂಬ ಪತ್ರಕರ್ತ 1913ರ ಡಿಸೆಂಬರ್ 21ರಂದು 'ನ್ಯೂಯಾರ್ಕ್ ವರ್ಲ್ಡ್' ಪತ್ರಿಕೆಯಲ್ಲಿ ವಜ್ರದ ಆಕಾರದ ಒಂದು ಚೌಕಳಿ ಅಚ್ಚು ಮಾಡಿದ. ಅದೇ ಮೊದಲನೆಯದು ಎನ್ನುತ್ತಾರೆ. ನನಗೆ ಸಂತೋಷದ ಸಂಗತಿ ಇನ್ನೊಂದಿದೆ. ನಮ್ಮ ನಿಘಂಟು ಬ್ರಹ್ಮ ಜಿ. ವೆಂಕಟಸುಬ್ಬಯ್ಯನವರು ಹುಟ್ಟಿದ್ದೂ ಅದೇ 1913ರಲ್ಲಿ, ಆಗಸ್ಟ್ 23ರಂದು. ಪದಬಂಧಕ್ಕಿಂತ ನಾಲ್ಕು ತಿಂಗಳು ದೊಡ್ಡವರು. 107 ವರ್ಷ ಬಾಳಿದರು. ಕನ್ನಡದಲ್ಲಿ ಪದಬಂಧ ಹೆಣೆಯುವುದನ್ನೇ ಒಂದು ತಪಸ್ಸಿನ ಹಾಗೆ ಮಾಡಿದವರು ಕೋಲಾರ ಜಿಲ್ಲೆಯ ಅಬ್ಬಣಿಯಲ್ಲಿ ಹುಟ್ಟಿದ ಅ.ನಾ. ಪ್ರಹ್ಲಾದರಾವ್. ಅವರು ಮೂವತ್ತೈದು ಸಾವಿರಕ್ಕೂ ಹೆಚ್ಚು ಪದಬಂಧ ರಚಿಸಿದವರು. ಅದರಲ್ಲಿ ಕನ್ನಡ ಸಿನಿಮಾದ ಮೇಲೆ ಹೆಣೆದವೇ ಸಾವಿರಾರು. ನಾನು ಒಂದು ಬಿಡಿಸಲು ಮುಂಜಾನೆಯೆಲ್ಲ ಒದ್ದಾಡುವವನು, ಆ ಸಂಖ್ಯೆ ಕೇಳಿದರೆ ಕೈ ಮುಗಿಯಬೇಕು ಅನಿಸುತ್ತದೆ.

ಯಾಕೆಂದರೆ ಕನ್ನಡದಲ್ಲಿ ಹೆಣೆಯುವುದು ಸುಲಭವಲ್ಲ. ಇಂಗ್ಲಿಷಿನಲ್ಲಿ ಇಪ್ಪತ್ತಾರು ಅಕ್ಷರ, ಒಂದು ಮನೆಗೆ ಒಂದು. ನಮ್ಮಲ್ಲಿ ಕಾಗುಣಿತ, ಒತ್ತಕ್ಷರ, ಸೊನ್ನೆ ಎಲ್ಲ ಸೇರಿ ಒಂದೇ ಮನೆಯಲ್ಲಿ ಸಂಸಾರ ಮಾಡಬೇಕು. 'ಸ್ತ್ರೀ' ಎಷ್ಟು ದೊಡ್ಡದಿದ್ದರೂ ಒಂದು ಮನೆ. 'ಕರ್ನಾಟಕ' ನಾಲ್ಕು ಮನೆ. ನಮ್ಮ 'ತೆಲಸಂಗ'ವೂ ನಾಲ್ಕೇ ಮನೆ, ಲೆಕ್ಕದಲ್ಲಿ ಇಡೀ ರಾಜ್ಯಕ್ಕೆ ಸಮ! 'ರ್ನಾ' ಎಂಬ ಮನೆಗೆ ಅಡ್ಡ ಬರುವ ಶಬ್ದದಲ್ಲೂ ಅದೇ 'ರ್ನಾ' ಬೇಕು, 'ನಾ' ತಂದರೆ ನಡೆಯುವುದಿಲ್ಲ. ಆದ್ದರಿಂದ ಪದಬಂಧ ಬಿಡಿಸುವವನ ಕಾಗುಣಿತ ತಾನಾಗಿಯೇ ತಿದ್ದುತ್ತದೆ. ಹ್ರಸ್ವ ದೀರ್ಘ ತಪ್ಪಿದರೆ ಗುರುಗಳು ಬೇಕಾಗಿಲ್ಲ, ಪಕ್ಕದ ಮನೆಯವನೇ ಕಿವಿ ಹಿಂಡುತ್ತಾನೆ.

ಇನ್ನು ನನ್ನ ಸೋಲುಗಳು. ಬೆಂಗಳೂರಿನಲ್ಲಿ ನೌಕರಿ ಸಿಕ್ಕ ಮೊದಲ ವಾರ, ಸುಳಿವು: "ಬುದ್ಧಿವಂತ, ಎರಡು ಅಕ್ಷರ." ನಾನು ಪೆನ್ನಿನಿಂದಲೇ 'ಶಾಣ್ಯಾ' ಎಂದು ಬರೆದೆ. ಎರಡೇ ಅಕ್ಷರ, ಚೊಕ್ಕಾಗಿ ಕುಳಿತಿತು. ಮರುದಿನ ಉತ್ತರ ನೋಡಿದರೆ 'ಜಾಣ'. ಇನ್ನೊಮ್ಮೆ, "ಬಡವರ ಬಾದಾಮಿ, ಐದು ಅಕ್ಷರ." ನಮ್ಮ ಶೇಂಗಾ ಎರಡೇ ಅಕ್ಷರ. ಪಕ್ಕದ ಮೇಜಿನ ಮಂಡ್ಯದ ಗೆಳೆಯರು "ಕಡಲೆಕಾಯಿ ಕಣ್ರೀ" ಎಂದರು. ನಮ್ಮ ಕಡೆ ಕಡಲಿ ಕಾಯಿ ಅಂದರೆ ಹಿಂಗಾರಿ ಹೊಲದ ಹಸಿ ಕಡಲಿ, ಸುಲಗಾಯಿ ಮಾಡಿ ತಿನ್ನುವುದು. ಅದು ಬಾದಾಮಿ ಹೇಗಾದೀತು ಎಂದು ನಾನು ವಾದಕ್ಕೆ ಬಿದ್ದೆ. ಕೊನೆಗೆ ಉತ್ತರ ಬಂದದ್ದು 'ನೆಲಗಡಲೆ'. ನಾನೂ ಸೋತೆ, ಅವರೂ ಸೋತರು. ಅವತ್ತಿನಿಂದ ಇಬ್ಬರೂ ಪೆನ್ಸಿಲ್ಲಿಗೆ ಬಂದೆವು. ಅವರು ನನಗೆ ಬೆರಣಿ ಕಲಿಸಿದರು, ನಾನು ಅವರಿಗೆ ಕುಳ್ಳು ಕಲಿಸಿದೆ. ಎರಡೂ ಒಂದೇ ಸಗಣಿ.

ಪದಬಂಧದ ಧ್ಯಾನದಲ್ಲಿ ಹಾಲು ಉಕ್ಕಿಸಿದ್ದೇನೆ, ಇಳಿಯುವ ನಿಲ್ದಾಣ ದಾಟಿ ಹೋಗಿದ್ದೇನೆ. ಒಂದು ದಿನ ಒಂದು ಸುಳಿವಿಗಾಗಿ ರಾತ್ರಿಯ ತನಕ ತಲೆ ಕೆಡಿಸಿಕೊಂಡೆ. ಮರುದಿನ ಪತ್ರಿಕೆಯ ಮೂಲೆಯಲ್ಲಿ "ನಿನ್ನೆಯ ಪದಬಂಧದಲ್ಲಿ ಅಂಕೆ ತಪ್ಪಾಗಿ ಅಚ್ಚಾಗಿದೆ" ಎಂಬ ಎರಡು ಸಾಲು. ಸಿಟ್ಟಿಗಿಂತ ಸಮಾಧಾನವೇ ಹೆಚ್ಚಾಯಿತು, ದಡ್ಡ ನಾನಲ್ಲವಲ್ಲ ಎಂದು! ಒಂದು ಸಲ ನಲವತ್ತೊಂದು ದಿನ ಯಾರ ಸಹಾಯವೂ ಇಲ್ಲದೆ ಪೂರ್ತಿ ಬಿಡಿಸಿದ್ದೆ. ಕಚೇರಿಯಲ್ಲಿ ಮಂಡಲ ವ್ರತ ಮುಗಿಸಿದವನ ಹಾಗೆ ತಿರುಗಾಡುತ್ತಿದ್ದೆ. ನಲವತ್ತೆರಡನೆಯ ದಿನ ಎರಡಕ್ಷರದ ಒಂದು ಶಬ್ದ ನನ್ನನ್ನು ಕೆಳಗೆ ಕೆಡವಿತು. ಆ ಎರಡಕ್ಷರವನ್ನು ಹೇಳಲಿಕ್ಕೇ ನಾನು ಇಷ್ಟು ದೂರದಿಂದ ಬಂದಿದ್ದೇನೆ.

ಅದಕ್ಕೂ ಮೂರು ದಿನ ಮೊದಲು ಒಂದು ಸಂಗತಿ ನಡೆದಿತ್ತು. ಊರಿನಿಂದ ಅವ್ವ ಬಂದಿದ್ದಳು. ರವಿವಾರ ನಮ್ಮ ಹಿರಿಯ ಅಧಿಕಾರಿಗಳು ಮನೆಗೆ ಬಂದರು. ಅವ್ವ ಒಳಗಿಂದ ಬಂದು, ಸೆರಗು ಸರಿ ಮಾಡಿಕೊಂಡು, "ಕುಂಡರ್ರಿ ಯಪ್ಪಾ, ಚಾ ಮಾಡ್ತೀನಿ. ನಿಮ್ಮೂರ ಕಡೆ ಮಳಿ ಹೆಂಗೈತ್ರಿ?" ಎಂದು ಮಾತಿಗೆ ಕುಳಿತಳು. ಅವರು ನಗುನಗುತ್ತ ಕೇಳುತ್ತಿದ್ದರು. ನನಗೆ ಮಾತ್ರ ಮೈಯೆಲ್ಲ ಬೆವರು. ನಾನು ಅಷ್ಟು ವರ್ಷ ಕಷ್ಟಪಟ್ಟು ತಿದ್ದಿಕೊಂಡ ನಾಲಿಗೆಯ ಗುಟ್ಟು ಅವ್ವ ಒಂದೇ ಮಾತಿನಲ್ಲಿ ಬಿಚ್ಚಿಟ್ಟ ಹಾಗಾಯಿತು. ಅಡುಗೆ ಮನೆಗೆ ಹೋಗಿ ಸಣ್ಣ ದನಿಯಲ್ಲಿ "ಬಂದವರ ಮುಂದ ಭಾಳ ಮಾತಾಡಬ್ಯಾಡವ್ವಾ" ಎಂದೆ. ಅವ್ವ ಏನೂ ಅನ್ನಲಿಲ್ಲ. ಚಹಾದ ಬಟ್ಟಲು ನನ್ನ ಕೈಯಲ್ಲೇ ಕೊಟ್ಟು ಕಳಿಸಿದಳು. ಆಮೇಲೆ ಮೂರು ದಿನ ಅವಳು ಹೊರಗಿನ ಕೋಣೆಗೆ ಬರಲಿಲ್ಲ. ನಾನೂ ಕರೆಯಲಿಲ್ಲ.

ನಾಲ್ಕನೆಯ ದಿನ ಮುಂಜಾನೆ ಪದಬಂಧದಲ್ಲಿ ಒಂದು ಮನೆ ಉಳಿಯಿತು. "ಮೇಲಿನಿಂದ ಕೆಳಕ್ಕೆ: ನೆಲದೊಳಗಿನ ಕಣಜ, ಎರಡು ಅಕ್ಷರ." ಎಡದಿಂದ ಬಲಕ್ಕೆ 'ಹರಿಗೋಲು' ಬಂದಿದ್ದರಿಂದ ಮೊದಲ ಅಕ್ಷರ 'ಹ' ಖಚಿತವಾಗಿತ್ತು. ಎರಡನೆಯದು ಖಾಲಿ. ಹಳ್ಳ, ಹದ, ಹನಿ ಎಂದು ಬಾಯಿಂದ ಗುಣಗುಟ್ಟುತ್ತ ಸುಳಿವನ್ನು ಎರಡು ಮೂರು ಸಲ ಜೋರಾಗಿಯೇ ಓದಿದೆ. ಒಳಗೆ ಅವ್ವ ಜೋಳ ಹಸನು ಮಾಡುತ್ತಿದ್ದಳು. ಮೊರದ ಸಪ್ಪಳ ನಿಂತಿತು.

"ಹಗೆ" ಎಂದಳು.

ನಾನು ನಕ್ಕೆ. "ಹಗೆ ಅಂದ್ರ ವೈರಿ, ಅವ್ವಾ."

"ವೈರಿ ಯಾಂವ? ಹಗೆ ಅಂದ್ರ ಹಗೇವ. ನಿಮ್ಮ ಮುತ್ಯಾನ ಮನಿ ಮುಂದ ಎರಡ ಹಗೆ ಇದ್ದೂವು. ನೀನೂ ಸಣ್ಣಾಂವ ಇದ್ದಾಗ ಬಗ್ಗಿ ನೋಡೀದಿ."

ಆಮೇಲೆ ಮೊರ ಬದಿಗಿಟ್ಟು ಅವಳು ಹೊರಗೆ ಬಂದು ಬಾಗಿಲ ಬಳಿ ಕುಳಿತಳು. ಹಗೆ ಹೇಗೆ ತೋಡುತ್ತಾರೆ, ಬಾಯಿ ಹೇಗೆ ಸಣ್ಣದು, ಒಳಗೆ ಹೇಗೆ ಅಗಲ, ಗೋಡೆಗೆ ಹುಲ್ಲು, ಕಣಿಕಿ ಹೇಗೆ ಒತ್ತುತ್ತಾರೆ, ಬಾಯಿಗೆ ಕಲ್ಲುಚಪ್ಪಡಿ ಇಟ್ಟು ಮಣ್ಣು ಹೇಗೆ ಮೆತ್ತುತ್ತಾರೆ, ಎಲ್ಲ ಹೇಳಿದಳು. ಬರ ಬಿದ್ದ ವರ್ಷ ಊರು ಉಳಿದದ್ದು ಹಗೆಯ ಜೋಳದಿಂದ ಎಂದಳು. ತೆರೆದ ಕೂಡಲೇ ಯಾರೂ ಇಳಿಯಬಾರದು, ಒಳಗಿನ ಕೆಟ್ಟ ಗಾಳಿ ಹೋಗಲು ಬಿಟ್ಟು, ಕಂದೀಲು ಇಳಿಬಿಟ್ಟು, ದೀಪ ಆರಲಿಲ್ಲ ಎಂದರೆ ಮಾತ್ರ ಮನುಷ್ಯ ಇಳಿಯಬೇಕು ಎಂದಳು. ಅವಸರ ಮಾಡಿ ಇಳಿದು ಸತ್ತವರೂ ಇದ್ದಾರಂತೆ. ಮೂರು ದಿನ ಮುಚ್ಚಿಟ್ಟ ಮಾತೆಲ್ಲ ಅವತ್ತು ಹೊರಗೆ ಬಂತು. ನಾನು ತಲೆ ಎತ್ತಿ ಅವಳನ್ನು ನೋಡಲಿಲ್ಲ. ಪೆನ್ಸಿಲ್ ಚೂಪು ಮಾಡುತ್ತ ಕುಳಿತೆ.

ಕಚೇರಿಗೆ ಹೋದಾಗ ಅದೇ ಹಿರಿಯ ಅಧಿಕಾರಿಗಳು ಕೇಳಿದರು: "ಏನ್ರೀ, ಇವತ್ತಿನ ಕಣಜ ಸಿಕ್ತಾ? ನನಗೆ ಆಗಲಿಲ್ಲ." ನಾನು 'ಹಗೆ' ಎಂದೆ. "ನಿಮಗೆ ಹೇಗೆ ಹೊಳೀತು?" ಎಂದರು. ಒಂದು ಕ್ಷಣ ಸುಳ್ಳು ಹೇಳುವ ಮನಸ್ಸಾಯಿತು. ನಲವತ್ತೊಂದು ದಿನದ ವ್ರತ ಇತ್ತಲ್ಲ! ಆದರೆ ಬಾಯಿಂದ ಬಂದದ್ದು, "ನಮ್ಮ ಅವ್ವ ಹೇಳಿದ್ಲು ಸರ್. ಆಕಿಗೆ ಓದಾಕ ಬರೂದಿಲ್ಲ." ಕಚೇರಿಯಲ್ಲಿ ನಾನು ನಮ್ಮೂರ ಮಾತು ಆಡಿದ್ದು ಅದೇ ಮೊದಲು. ಅವರು ಕನ್ನಡಕ ತೆಗೆದು, "ಭಾನುವಾರ ಬರ್ತೀನಿ, ನಿಮ್ಮ ತಾಯಿಯವರ ಹತ್ತಿರ ಇನ್ನೊಂದಿಷ್ಟು ಕೇಳಬೇಕು" ಎಂದರು. ಬಂದರು. ಅವತ್ತು ಅವ್ವನಿಗೆ ಚಹಾ ಮಾಡಿಕೊಟ್ಟವನು ನಾನು.

ಸಂಜೆ ನಿಘಂಟು ತೆರೆದೆ. ಹಗೆ ಎಂಬಲ್ಲಿ ವೈರಿಯೂ ಇದ್ದ, ನೆಲದೊಳಗಿನ ಕಣಜವೂ ಇತ್ತು. ನಾನು ಶಾಲೆಯಲ್ಲಿ ಕಲಿತದ್ದು ಒಂದು ಅರ್ಥ, ಮನೆಯಲ್ಲಿ ಬಿಟ್ಟು ಬಂದದ್ದು ಇನ್ನೊಂದು.

ಅಂದಿನಿಂದ ಅವ್ವ ಇರುವ ತನಕ ನಮ್ಮಿಬ್ಬರ ನಡುವೆ ಒಂದು ರೂಢಿ ಬೆಳೆಯಿತು. ಊರಿನಲ್ಲಿ ಇದ್ದರೆ ಫೋನಿನಲ್ಲಿ, "ಅವ್ವಾ, ಬಿತ್ತುವಾಗ ಹಿಡಿಯೂದು, ಮೂರು ಅಕ್ಷರ" ಎಂದರೆ "ಕೂರಗಿ" ಎನ್ನುತ್ತಿದ್ದಳು. ನಾನು 'ಕೂರಿಗೆ' ಎಂದು ತಿದ್ದಿ ಬರೆದುಕೊಳ್ಳುತ್ತಿದ್ದೆ. ಅವಳಿಗೆ ಇದೇನೂ ಹೊಸ ಆಟವಲ್ಲ. ಬೀಸುವಾಗ, ಕುಟ್ಟುವಾಗ ಒಡಪು ಹಾಕಿ ಒಡಪು ಒಡೆಯುತ್ತ ಬೆಳೆದವಳು. ಚೌಕಳಿ ಮಾತ್ರ ಹೊಸದು. ಜತ್ತ ತಾಲೂಕಿಗೆ ಕೊಟ್ಟ ನನ್ನ ತಂಗಿಯ ಮನೆಯಲ್ಲಿ ಮರಾಠಿ ಪತ್ರಿಕೆ ಬರುತ್ತದೆ. ಅದರಲ್ಲಿ ಇದಕ್ಕೆ ಶಬ್ದಕೋಡೆ ಎನ್ನುತ್ತಾರೆ. ಅಲ್ಲಿ ಅವಳು ಸಿಕ್ಕಿಬಿದ್ದರೆ ನೆರೆಮನೆಯ ಮರಾಠಿ ವೈನಿಯನ್ನು ಕೇಳುತ್ತಾಳೆ, ಆ ವೈನಿಯ ಮಕ್ಕಳು ಕನ್ನಡಕ್ಕೆ ಇವಳನ್ನು ಕೇಳುತ್ತಾರೆ. ಗಡಿಯಲ್ಲಿ ಇರುವ ನಮಗೆ ಅಡ್ಡ ಬಂದವರನ್ನು ಕೇಳದೆ ಒಂದು ದಿನವೂ ಸಾಗುವುದಿಲ್ಲ.

ಅಪ್ಪನ ಸಿಟ್ಟು ಕೊನೆಯ ತನಕ ಪೂರ್ತಿ ಇಳಿಯಲಿಲ್ಲ. ಆದರೆ ಒಮ್ಮೆ, ನಾನು ಪದಬಂಧ ಬಿಡಿಸುವುದನ್ನು ದೂರದಿಂದ ನೋಡಿ, "ಇದಕ್ಕ ರೊಕ್ಕ ಕಟ್ಟಬೇಕೇನೋ?" ಎಂದ. ಇಲ್ಲ ಎಂದೆ. "ಹಂಗಾದ್ರ ಮಾಡು" ಎಂದು ಎದ್ದು ಹೋದ. ನನಗೆ ಅಷ್ಟು ಸಾಕಾಗಿತ್ತು.

ಅವ್ವ ತೀರಿಕೊಂಡು ನಾಲ್ಕು ವರ್ಷವಾಯಿತು. ಈಗಲೂ ಹೊಲಮನೆಯ ಶಬ್ದವೊಂದು ಸಿಗದಿದ್ದಾಗ ಕೈ ಫೋನಿನ ಕಡೆಗೆ ಹೋಗುತ್ತದೆ. ವಯಸ್ಸಿನಿಂದ ಮರೆವು ಬೇರೆ ಬಂದಿದೆ. ನಾಲಿಗೆಯ ತುದಿಯಲ್ಲಿ ಇದ್ದದ್ದು ಮೂಗಿನ ತುದಿಗೂ ಬರುವುದಿಲ್ಲ. ಮೊಮ್ಮಗ ಮೊಬೈಲಿನಲ್ಲಿ ಹುಡುಕಿ ಕೊಡುತ್ತೇನೆ ಎನ್ನುತ್ತಾನೆ. ಬೇಡ ಎನ್ನುತ್ತೇನೆ. ಕೆಲವು ದಿನ ಎರಡು ಮೂರು ಮನೆ ಖಾಲಿಯೇ ಉಳಿಯುತ್ತವೆ. ಮೊದಲು ಅದು ನಾಚಿಕೆ ಅನಿಸುತ್ತಿತ್ತು, ಸುಮ್ಮನೆ ಏನೋ ಒಂದು ಅಕ್ಷರ ತುರುಕಿ ಮುಗಿಸುತ್ತಿದ್ದೆ. ಈಗ ಹಾಗೆ ಮಾಡುವುದಿಲ್ಲ. ತಪ್ಪು ಅಕ್ಷರ ಒಂದು ಮನೆ ಕೆಡಿಸಿ ಸುಮ್ಮನಿರುವುದಿಲ್ಲ, ಅಡ್ಡ ಬರುವ ಶಬ್ದವನ್ನೂ ಕೆಡಿಸುತ್ತದೆ. ಖಾಲಿ ಮನೆ ಯಾರನ್ನೂ ಕೆಡಿಸುವುದಿಲ್ಲ.

ಮಕ್ಕಳೇ, ನಿಮ್ಮಲ್ಲಿ ಕೆಲವರು ಈ ವರ್ಷ ಎಸ್ಸೆಸ್ಸೆಲ್ಸಿ ಬರೆಯುತ್ತೀರಿ. ನಾಳೆ ಬೆಳಗಾವಿ, ಧಾರವಾಡ, ಬೆಂಗಳೂರು, ಪುಣೆ ಎಂದು ಹೋಗುತ್ತೀರಿ. ಹೊಸ ಮಾತು ಕಲಿಯಿರಿ, ಬೇಡ ಎನ್ನುವುದಿಲ್ಲ. ಆದರೆ ಹೋಗುವ ಮೊದಲು ಮನೆಯಲ್ಲಿ ಆಯಿ, ಮುತ್ಯಾ ಇದ್ದರೆ ಅವರ ಬಳಿ ಒಂದು ತಾಸು ಕುಳಿತು, ಅವರಿಗೆ ಮಾತ್ರ ಗೊತ್ತಿರುವ ಹತ್ತು ಶಬ್ದ ಒಂದು ವಹಿಯಲ್ಲಿ ಬರೆದುಕೊಳ್ಳಿರಿ. ಮಿಣಿ, ಬಾರಕೋಲು, ತತ್ರಾಣಿ, ಶಡ್ಡಿ, ಯಾವುದಾದರೂ ಆಗಲಿ. ಶಾಲೆಯ ವಾಚನಾಲಯಕ್ಕೆ ನಾನು ಇವತ್ತು ಒಂದು ದೊಡ್ಡ ಕನ್ನಡ ನಿಘಂಟು ಕೊಡುತ್ತಿದ್ದೇನೆ, ಜೊತೆಗೆ ಒಂದು ಡಬ್ಬಿ ಪೆನ್ಸಿಲ್. ಪೆನ್ನು ಬೇಕೆಂದೇ ತಂದಿಲ್ಲ. ನಿಮ್ಮ ಆಯಿ ಹೇಳಿದ ಶಬ್ದ ಅದರಲ್ಲಿ ಸಿಗದಿದ್ದರೆ ಆಯಿಯದು ತಪ್ಪು ಎಂದು ತಿಳಿಯಬೇಡಿರಿ. ಕೊನೆಯಲ್ಲಿ ನಾಲ್ಕು ಬಿಳಿ ಹಾಳೆ ಹಚ್ಚಿಸಿ ತಂದಿದ್ದೇನೆ, ಅಲ್ಲಿ ಬರೆಯಿರಿ.

ಮೊದಲ ಹಾಳೆಯ ಮೊದಲ ಸಾಲಿನಲ್ಲಿ ನಾನೇ ಒಂದು ಶಬ್ದ ಬರೆದಿದ್ದೇನೆ. ಎರಡು ಅಕ್ಷರ. ಅರ್ಥ ನಿಮಗೆ ಈಗ ಗೊತ್ತು.